ಗೇಣುದ್ದದ ಕರುಳು: ಪಥ್ಯಾಹಾರ ಓದುವವರಿಗೆ ಅನಾಟಮಿ ಯಾಕೆ?

ಡಯಟ್ ಚಾರ್ಟ್ ಬರೆಯೋರಿಗೆ ಅನಾಟಮಿ ಯಾಕೆ ಅಂತ ಮೊದಲ ವರ್ಷ ಎಲ್ಲರೂ ಕೇಳ್ತೀವಿ. ನಮ್ಮ ಭೈರವಾನಿತಿಪ್ಪ ಕಡೆಯ ಮುದ್ದೆಯನ್ನೇ ತಗೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣಾಂಶವಿದೆ. ಅದು ಹಿಟ್ಟಿನ ಲೆಕ್ಕ, ರಕ್ತದ್ದಲ್ಲ. ಕಬ್ಬಿಣವನ್ನು ಹೆಚ್ಚಾಗಿ ಹೀರಿಕೊಳ್ಳುವುದು ಜಠರ ದಾಟಿದ ಕೂಡಲೇ ಬರುವ ಡುವೊಡಿನಮ್. ಹೆಸರಿನ ಅರ್ಥ ಹನ್ನೆರಡು ಬೆರಳಗಲ. ನಮ್ಮ ಲೆಕ್ಕದಲ್ಲಿ ಒಂದು ಗೇಣು! ರಾಗಿಯ ಫೈಟೇಟ್, ಉಂಡ ಕೂಡಲೇ ಕುಡಿಯುವ ಟೀಯ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕಿದರೆ, ಹೆಚ್ಚಿನ ಪಾಲು ಈ ಗೇಣನ್ನು ಸುಮ್ಮನೆ ದಾಟಿಹೋಗುತ್ತದೆ. ಸಾರಿಗೆ ನಿಂಬೆಹಣ್ಣು ಹಿಂಡಿದರೆ ಒಂದಿಷ್ಟು ಉಳಿಯುತ್ತೆ.

ಬಿ12 ಹಾಗಲ್ಲ. ಅದನ್ನು ಹೀರುವುದು ಸಣ್ಣ ಕರುಳಿನ ಇನ್ನೊಂದು ತುದಿ, ಇಲಿಯಮ್‌ನ ಕೊನೆ. ಆಪರೇಷನ್‌ನಲ್ಲಿ ಆ ತುದಿ ತೆಗೆದವರಿಗೆ ಹಾಲು, ಮೊಟ್ಟೆ ಎಷ್ಟು ಬರೆದುಕೊಟ್ಟರೂ ಸಾಲದು. ಸಾಮಾನ್ಯವಾಗಿ ಇಂಜೆಕ್ಷನ್ನೇ ಬೇಕಾಗುತ್ತದೆ.