ಶಿಶುವಿಗೆ ಒಗ್ಗದ ಹಾಲು

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದುದು. ಅದರಲ್ಲಿ ಮಲಗುವ ಕೂಸಿನ ತೂಕವು ಸಾಮಾನ್ಯವಾಗಿ ಐದಾರು ತಿಂಗಳಿಗೆ ಹುಟ್ಟಿದಾಗಿನ ಇಮ್ಮಡಿಯೂ, ವರ್ಷಕ್ಕೆ ಮುಮ್ಮಡಿಯೂ ಆಗುವುದು. ಹಾಗಾಗದೆ ಪದೇ ಪದೇ ವಾಂತಿಯೂ, ಮೈಮೇಲೆ ದದ್ದೂ, ಮಲದಲ್ಲಿ ರಕ್ತವೂ ಕಂಡರೆ, ದೃಷ್ಟಿ ನೀವಾಳಿಸಿ ಸುಮ್ಮನಾಗಲಾಗದು. ಆಕಳ ಹಾಲಿನ ಪ್ರೋಟೀನನ್ನು ದೇಹವು ಶತ್ರುವೆಂದು ಬಗೆದು ಪ್ರತಿಭಟಿಸುವುದೂ ಇದಕ್ಕೆ ಕಾರಣವಿರಬಹುದು. ಇದನ್ನೇ ಅಲರ್ಜಿ ಎನ್ನುವರು. ತಾಯಿ ಕುಡಿದ ಹಾಲಿನ ಅಂಶವು ಎದೆಹಾಲಿನ ಮೂಲಕವೂ ಕೂಸನ್ನು ಸೇರಬಲ್ಲದು.

ಆಗ ಎಮ್ಮೆಯ ಅಥವಾ ಆಡಿನ ಹಾಲಿಗೆ ಬದಲಾಯಿಸಿದರೆ ಪ್ರಯೋಜನವಿಲ್ಲ. ಅವುಗಳ ಪ್ರೋಟೀನುಗಳೂ ಬಹುಮಟ್ಟಿಗೆ ಅದೇ ಬಗೆಯವು. ಅಂಜಿಕೆಯಿಂದ ತತ್ತಿ, ಶೇಂಗಾ, ಗೋಧಿಗಳೆಲ್ಲವನ್ನೂ ಒಮ್ಮೆಲೇ ವರ್ಜಿಸುವುದು ಇನ್ನೂ ಕೆಟ್ಟದ್ದು. ಆಗ ರೋಗಕ್ಕಿಂತ ಪಥ್ಯವೇ ಕೂಸನ್ನು ಸೊರಗಿಸೀತು.

ತಾಯಿಯು ಮೊಲೆಯೂಡುವುದನ್ನು ನಿಲ್ಲಿಸದೆ, ವೈದ್ಯರ ಸಲಹೆಯಂತೆ ಎರಡರಿಂದ ನಾಲ್ಕು ವಾರ ತಾನೇ ಹಾಲುಮೊಸರುಗಳನ್ನು ಬಿಟ್ಟು ನೋಡಬೇಕು. ಗುಣ ಕಂಡರೆ ಮತ್ತೆ ಸೇವಿಸಿ, ಕಾರಣವನ್ನು ಖಚಿತಪಡಿಸಿಕೊಳ್ಳಬೇಕು. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆಗೆ ರಾಗಿ, ಅನ್ನ, ಹೆಸರುಬೇಳೆಗಳನ್ನು ಮೆತ್ತಗೆ ಬೇಯಿಸಿ, ತುಪ್ಪಕ್ಕೆ ಬದಲು ಎಣ್ಣೆ ಬೆರೆಸಿ ಉಣಿಸಬಹುದು. ಬಿಡಿಸಿದ ಪ್ರತಿಯೊಂದು ಪದಾರ್ಥದ ಪೋಷಣೆಯನ್ನೂ ಬೇರೊಂದರಿಂದ ತುಂಬಿಕೊಡಬೇಕು. ಅದು ಸಾಲುತ್ತಿದೆಯೇ ಎಂಬುದನ್ನು ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿಯೇ ಹೇಳುವುದು. ಬಹುಪಾಲು ಮಕ್ಕಳಲ್ಲಿ ಹಾಲಿನ ಅಲರ್ಜಿಯು ಬೆಳೆದಂತೆ ತಾನಾಗಿ ಅಳಿಯುತ್ತದೆ. ಶೈಶವದಲ್ಲಿ ತಪ್ಪಿಹೋದ ಬೆಳವಣಿಗೆಯಾದರೋ ಅಷ್ಟು ಸುಲಭವಾಗಿ ಮರಳಿ ಬಾರದು.