ಬಿಸಿಲೂರಲ್ಲಿ ಓವರ್‌ಕ್ಲಾಕಿಂಗ್: ಮೇ ತಿಂಗಳೇ ಪರೀಕ್ಷಕ

ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲ್ಲೂಕಿನ ಕರಜಗಿಯ ಕಡೆ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತೇನಲ್ಲ. ಈ ಭಾಗದ ಹುಡುಗರು ಗೇಮಿಂಗ್‌ಗೋ ವಿಡಿಯೊ ಎಡಿಟಿಂಗ್‌ಗೋ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವುದಾದರೆ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದಾದರೆ, ಲೆಕ್ಕ ಕೋಣೆಯ ಬಿಸಿಯಿಂದಲೇ ಶುರುವಾಗಬೇಕು.

ಡಿಸೆಂಬರಿನಲ್ಲಿ ಕೋಣೆ 22 ಡಿಗ್ರಿ ಇದ್ದು, ಪೂರ್ಣ ಕೆಲಸದಲ್ಲಿ ಚಿಪ್ 72 ಮುಟ್ಟಿತು ಎನ್ನೋಣ. ಅದೇ ಕೂಲರ್, ಅದೇ ಕೆಲಸ. ಕೋಣೆ 40 ಆದಾಗ ಚಿಪ್ 90ರ ಹತ್ತಿರ ಬರುತ್ತದೆ. ಅನೇಕ ಪ್ರೊಸೆಸರ್‌ಗಳು 90ರಿಂದ 100 ಡಿಗ್ರಿಯ ನಡುವೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಗಳಿಸಿದ ವೇಗ ಬೇಸಿಗೆಯಲ್ಲಿ ಕೈತಪ್ಪುವುದು ಹೀಗೆ.

ಪ್ರೊಸೆಸರಿನ ವೇಗವೆಂದರೆ ಬೇಸ್ ಕ್ಲಾಕ್ ಮತ್ತು ಮಲ್ಟಿಪ್ಲೈಯರ್‌ಗಳ ಗುಣಲಬ್ಧ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 42 ಇದ್ದರೆ ವೇಗ 4.2 ಗಿಗಾಹರ್ಟ್ಸ್. ಮಲ್ಟಿಪ್ಲೈಯರನ್ನು 45ಕ್ಕೆ ಏರಿಸಿದರೆ ಸಿಗುವ ಹೆಚ್ಚಳ ಶೇ 7. ಅದಕ್ಕಾಗಿ ವೋಲ್ಟೇಜನ್ನು 1.20ರಿಂದ 1.30ಕ್ಕೆ ಒಯ್ದರೆ ವಿದ್ಯುತ್ ಬಳಕೆ ಸುಮಾರು ಶೇ 25 ಏರುತ್ತದೆ. ಬಳಕೆ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಬೆಳೆಯುವುದೇ ಕಾರಣ. ಆ ವಿದ್ಯುತ್ತೆಲ್ಲ ಶಾಖವಾಗುತ್ತದೆ. ಆದ್ದರಿಂದ ಹೊಸಬರು ಆರಂಭದಲ್ಲಿ ವೋಲ್ಟೇಜ್ ಮುಟ್ಟದಿರುವುದೇ ಕ್ಷೇಮ.

ಮೊದಲು ನಿಮ್ಮ ಚಿಪ್ ಓವರ್‌ಕ್ಲಾಕಿಂಗ್‌ಗೆ ಒಪ್ಪುತ್ತದೆಯೇ ನೋಡಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್, ಜೊತೆಗೆ ‘ಝಡ್’ ಸರಣಿಯ ಮದರ್‌ಬೋರ್ಡ್ ಬೇಕು. ಎಎಂಡಿ ರೈಜನ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಹೆಚ್ಚಿನವು ತೆರೆದಿವೆ. ಬೋರ್ಡ್ ‘ಬಿ’ ಅಥವಾ ‘ಎಕ್ಸ್’ ಸರಣಿಯದಾಗಿರಲಿ. ಲ್ಯಾಪ್‌ಟಾಪ್‌ನಲ್ಲಿ ಈ ಸಾಹಸ ಬೇಡ. ವಾರಂಟಿಯ ಷರತ್ತುಗಳನ್ನೂ ಓದಿಕೊಳ್ಳಿ.

ಫ್ಯಾನಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಕಡತಗಳ ಬ್ಯಾಕಪ್ ಇರಲಿ. ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋಗದಂತೆ ಯುಪಿಎಸ್ ಇರಲಿ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಚಿಪ್‌ಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರಗೊಂಡಾಗ, ಪರಿಹಾರ ಬಂದದ್ದು ಬಯೋಸ್ ಅಪ್‌ಡೇಟ್ ಮೂಲಕವೇ.

ಬಳಿಕ ಬಯೋಸ್‌ನಲ್ಲಿ ಮಲ್ಟಿಪ್ಲೈಯರನ್ನು ಒಂದೊಂದೇ ಅಂಕಿ ಏರಿಸಿ. ಪ್ರತಿ ಸಲ ಸಿನೆಬೆಂಚ್ ಅಥವಾ ಒಸಿಸಿಟಿಯಂಥ ಪರೀಕ್ಷಾ ತಂತ್ರಾಂಶ ಓಡಿಸಿ, ಎಚ್‌ಡಬ್ಲ್ಯುಇನ್ಫೋದಲ್ಲಿ ಉಷ್ಣಾಂಶ ಗಮನಿಸಿ. 85 ದಾಟಿದರೆ ಅಥವಾ ಯಂತ್ರ ತಡವರಿಸಿದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಯಂತ್ರ ಶುರುವಾಗದಿದ್ದರೆ ಗಾಬರಿ ಬೇಡ. ಸಿಮಾಸ್ ರೀಸೆಟ್ ಮಾಡಿದರೆ ಬಯೋಸ್‌ನ ಮೂಲ ಸೆಟ್ಟಿಂಗ್ ಮರಳುತ್ತದೆ.

ಇಂದಿನ ಚಿಪ್‌ಗಳು ತಮ್ಮ ಶಕ್ತಿಯ ಬಹುಪಾಲನ್ನು ತಾವೇ ಬಳಸಿಕೊಳ್ಳುತ್ತವೆ. ಹಾಗಾಗಿ ಬಿಸಿಲೂರಿನವರಿಗೆ ವೋಲ್ಟೇಜನ್ನು ತುಸು ಇಳಿಸುವ ಅಂಡರ್‌ವೋಲ್ಟಿಂಗ್ ಅನೇಕ ಸಲ ಹೆಚ್ಚು ಲಾಭ: ಚಿಪ್ ತಣ್ಣಗಿದ್ದಷ್ಟೂ ಹೆಚ್ಚು ಹೊತ್ತು ಪೂರ್ಣ ವೇಗದಲ್ಲಿ ಓಡುತ್ತದೆ. ಯಾವ ದಾರಿ ಹಿಡಿದರೂ ಮೇ ತಿಂಗಳ ಮಧ್ಯಾಹ್ನ ಮತ್ತೊಮ್ಮೆ ಪರೀಕ್ಷಿಸಿ. ಆಗಲೂ ನಿಲ್ಲುವ ವೇಗವನ್ನಷ್ಟೇ ನಿಮ್ಮದೆಂದು ನಂಬಿ.