ಕಲ್ಲು ಕಡಿದ ಬೆರಳು, ಗಡಿ ಕಾಯುವ ಗೇಟು

ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯವರು ಹೊರದೇಶಕ್ಕೆ ಹೋಗಬೇಕೆಂದರೆ ಹೆಚ್ಚಾಗಿ ಹಿಡಿಯುವುದು ಹೈದರಾಬಾದಿನ ದಾರಿ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತಾದರೂ ಅದು ದೇಶದೊಳಗಿನ ವಿಮಾನಗಳಿಗಷ್ಟೇ. ಗಲ್ಫಿಗೆ ದುಡಿಯಲು ಹೊರಟ ಹುಡುಗರು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರು, ಉಮ್ರಾ ಯಾತ್ರೆಯ ಹಿರಿಯರು ವಾಡಿಯಲ್ಲಿ ಸಿಕಂದರಾಬಾದಿನ ರೈಲು ಹತ್ತುತ್ತಾರೆ. ನಿಜಾಮರ ಕಾಲದಲ್ಲಿ, 1874ರಲ್ಲಿ ಓಡಾಟ ಶುರುವಾದ ಹಳಿ ಅದು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಸಿಕಂದರಾಬಾದ್ ಸೇರಿ, ಅಲ್ಲಿಂದ ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಹೋಗಬೇಕು.

ಆ ನಿಲ್ದಾಣದ ಇಮಿಗ್ರೇಶನ್ ವಿಭಾಗದಲ್ಲಿ 2025ರ ಜನವರಿ 16ರಿಂದ ಒಂದು ಹೊಸ ದಾರಿ ತೆರೆದಿದೆ. ಕೌಂಟರಿನ ಹಿಂದೆ ಕೂತ ಅಧಿಕಾರಿಯ ಬದಲು ಗಾಜಿನ ಬಾಗಿಲುಗಳ ಇ–ಗೇಟ್. ಕೇಂದ್ರ ಗೃಹ ಸಚಿವಾಲಯದ ಈ ಯೋಜನೆ 2024ರ ಜೂನ್ 22ರಂದು ದಿಲ್ಲಿಯಲ್ಲಿ ಶುರುವಾಗಿ, ಮುಂದಿನ ಜನವರಿಯಲ್ಲಿ ಬೆಂಗಳೂರು, ಹೈದರಾಬಾದ್, ಮುಂಬಯಿ, ಚೆನ್ನೈ, ಕೋಲ್ಕತ್ತಾ, ಕೊಚ್ಚಿ, ಅಹಮದಾಬಾದುಗಳಿಗೆ ಬಂತು. ಭಾರತೀಯ ಪ್ರಜೆಗಳು ಮತ್ತು ಸಾಗರೋತ್ತರ ಭಾರತೀಯ ನಾಗರಿಕರ (ಓಸಿಐ) ಕಾರ್ಡು ಹೊಂದಿರುವವರು ಮೊದಲೇ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಬೆರಳಚ್ಚು ಮತ್ತು ಮುಖಚಿತ್ರ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಶುಲ್ಕವಿಲ್ಲ. ನೋಂದಣಿ ಐದು ವರ್ಷ ಇಲ್ಲವೇ ಪಾಸ್‌ಪೋರ್ಟಿನ ಅವಧಿ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ನಡೆಯುತ್ತದೆ. ಹಲವರು ಇದನ್ನು ಡಿಜಿಯಾತ್ರಾ ಎಂದುಕೊಳ್ಳುತ್ತಾರೆ. ಅದು ಬೇರೆ, ದೇಶದೊಳಗಿನ ಪ್ರಯಾಣಿಕರು ಮುಖ ತೋರಿಸಿ ನಿಲ್ದಾಣದ ಒಳಗೆ ಸಾಗಲು ಮಾಡಿದ ಏರ್ಪಾಡು. ಅದಕ್ಕೂ ಗಡಿ ತಪಾಸಣೆಗೂ ಸಂಬಂಧವಿಲ್ಲ.

ಗೇಟು ಮೊದಲು ಓದುವುದು ನಿಮ್ಮ ಮುಖವನ್ನಲ್ಲ, ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ತಳದ ಎರಡು ಸಾಲುಗಳನ್ನು. ಒಂದೊಂದು ಸಾಲಿನಲ್ಲಿ 44 ಅಕ್ಷರಸ್ಥಾನ. ಖಾಲಿ ಜಾಗದಲ್ಲೆಲ್ಲ ಬಾಣದ ತುದಿಯಂಥ ಗುರುತು. ಜಗತ್ತಿನ ಯಾವ ದೇಶದ ಪಾಸ್‌ಪೋರ್ಟ್ ಪುಸ್ತಕ ತೆಗೆದರೂ ಇದೇ ಅಳತೆ, ಇದೇ ಕ್ರಮ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಗದಿ ಮಾಡಿದ್ದು. ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲೂ ಓದಲು ಬರುವ ಶಾಯಿಯಲ್ಲಿ ಈ ಸಾಲುಗಳನ್ನು ಅಚ್ಚು ಹಾಕಿರುತ್ತಾರೆ.

ಈ ಸಾಲುಗಳಲ್ಲಿ ಒಂದು ಸೊಗಸಾದ ಲೆಕ್ಕ ಅಡಗಿದೆ. ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ 1948ರ ಸೆಪ್ಟೆಂಬರ್ 17ರಂದೇ ಹುಟ್ಟಿದ ಅಜ್ಜಿಯೊಬ್ಬರಿದ್ದಾರೆ ಎನ್ನೋಣ. ಅವರ ಪಾಸ್‌ಪೋರ್ಟಿನಲ್ಲಿ ಜನ್ಮದಿನ 480917 ಎಂದಿರುತ್ತದೆ. ಈ ಆರು ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ ಕೂಡಿದರೆ 28, 24, 0, 63, 3, 7 ಸೇರಿ 125. ಕೊನೆಯ ಅಂಕಿ 5. ಜನ್ಮದಿನದ ಪಕ್ಕದಲ್ಲೇ ಆ 5 ಅಚ್ಚಾಗಿರುತ್ತದೆ. ಪುಟ ಮಾಸಿ ಯಂತ್ರವು ಕೊನೆಯ 7ನ್ನು 1 ಎಂದು ಓದಿತೆನ್ನಿ, ಮೊತ್ತ 119 ಆಗಿ ಕೊನೆಗೆ 9 ಬರುತ್ತದೆ. ತಾನು ತಪ್ಪು ಓದಿದೆ ಎಂದು ಯಂತ್ರಕ್ಕೆ ಆಗಲೇ ಗೊತ್ತಾಗಿ ಮತ್ತೊಮ್ಮೆ ಓದುತ್ತದೆ. ಪಾಸ್‌ಪೋರ್ಟಿನ ಸಂಖ್ಯೆಗೂ ಮುಗಿಯುವ ತಾರೀಖಿಗೂ ಇಂಥದೇ ಕಾವಲು ಅಂಕಿಗಳಿವೆ. ಆದರೆ ಈ ಲೆಕ್ಕಕ್ಕೂ ಒಂದು ಕುರುಡು ಜಾಗವಿದೆ. ಐದರ ಅಂತರವಿರುವ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ, ಉದಾಹರಣೆಗೆ 49 ಹೋಗಿ 94 ಆದರೆ, ಮೊತ್ತದ ಕೊನೆಯ ಅಂಕಿ ಬದಲಾಗುವುದೇ ಇಲ್ಲ. ಗುಣಕಗಳ ನಡುವಿನ ವ್ಯತ್ಯಾಸ ಯಾವಾಗಲೂ ಸಮಸಂಖ್ಯೆ. ಅದನ್ನು ಐದರಿಂದ ಗುಣಿಸಿದರೆ ಸೊನ್ನೆಯಲ್ಲೇ ಕೊನೆಯಾಗುತ್ತದೆ. ಶಾಲೆಯ ಮಕ್ಕಳಿಂದ ಈ ಲೆಕ್ಕ ಮಾಡಿಸಿ ನೋಡಿ, ಗುಣಾಕಾರದ ಮೇಲೆ ಪ್ರೀತಿ ಹುಟ್ಟುತ್ತದೆ.

ಇ–ಪಾಸ್‌ಪೋರ್ಟ್ ಆದರೆ ಈ ಸಾಲುಗಳಿಗೆ ಇನ್ನೊಂದು ಕೆಲಸವಿದೆ. ರಟ್ಟಿನ ಮೇಲೆ ಚಿಕ್ಕ ಚಿನ್ನದ ಬಣ್ಣದ ಗುರುತಿರುವ ಈ ಪಾಸ್‌ಪೋರ್ಟನ್ನು 2024ರ ಏಪ್ರಿಲಿನಲ್ಲಿ ನಾಗಪುರ, ಭುವನೇಶ್ವರಗಳಲ್ಲಿ ಜನಸಾಮಾನ್ಯರಿಗೆ ಪ್ರಾಯೋಗಿಕವಾಗಿ ಕೊಡತೊಡಗಿ, ಆಮೇಲೆ ಬೇರೆ ಊರುಗಳಿಗೂ ವಿಸ್ತರಿಸಿದರು. ಒಳಗೊಂದು ಚಿಪ್ ಮತ್ತು ತೆಳು ತಂತಿಯ ಸುರುಳಿ. ಬ್ಯಾಟರಿಯಿಲ್ಲ. ಗೇಟಿನ ಓದುಗ ಯಂತ್ರ 13.56 ಮೆಗಾಹರ್ಟ್ಸ್ ಕಂಪನಾಂಕದ ಕಾಂತಕ್ಷೇತ್ರ ಹೊಮ್ಮಿಸುತ್ತದೆ. ಕೆಲವೇ ಸೆಂಟಿಮೀಟರ್ ಹತ್ತಿರ ಬಂದಾಗ ಸುರುಳಿಯಲ್ಲಿ ವಿದ್ಯುತ್ ಹರಿದು ಚಿಪ್ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡರೂ ಸುಮ್ಮನೆ ಮಾತಾಡುವುದಿಲ್ಲ. ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನ, ಮುಗಿಯುವ ದಿನ ಈ ಮೂರರಿಂದ ಹೊಸೆದ ಕೀಲಿ ಕೊಟ್ಟರಷ್ಟೇ ಬಾಯಿ ಬಿಡುತ್ತದೆ. ಪುಟ ತೆರೆದು ತೋರಿಸದೆ, ಕಿಸೆಯಲ್ಲಿದ್ದಾಗಲೇ ಯಾರೋ ಕದ್ದು ಓದದಿರಲಿ ಎಂದು ಈ ಏರ್ಪಾಡು. ಒಳಗಿನ ಫೋಟೊ, ವಿವರಗಳ ಮೇಲೆ ಪಾಸ್‌ಪೋರ್ಟ್ ಕೊಟ್ಟ ದೇಶದ ಡಿಜಿಟಲ್ ಸಹಿ ಇರುತ್ತದೆ. ಫೋಟೊದಲ್ಲಿ ಒಂದು ಚುಕ್ಕೆ ಬದಲಿಸಿದರೂ ಸಹಿ ತಾಳೆಯಾಗದು. ಚಿಪ್ ಇಲ್ಲದ ಹಳೆಯ ಪಾಸ್‌ಪೋರ್ಟುಗಳೂ ತಮ್ಮ ಅವಧಿ ಮುಗಿಯುವ ತನಕ ಊರ್ಜಿತ, ಅವಸರದಿಂದ ಬದಲಿಸಬೇಕಿಲ್ಲ.

ಇಷ್ಟರವರೆಗೆ ಎಲ್ಲವೂ ಸರಿ ಅಥವಾ ತಪ್ಪು. ಮುಂದಿನ ಹಂತ ಹಾಗಲ್ಲ, ನಾನು ಈ ಲೇಖನ ಬರೆಯಲು ಕೂತಿದ್ದೇ ಆ ಹಂತಕ್ಕಾಗಿ. ಗೇಟಿನೊಳಗೆ ನಿಂತವರ ಮುಖವನ್ನು ಕ್ಯಾಮೆರಾ ಹಿಡಿದು, ಅದನ್ನು ಅಂಕಿಗಳ ಒಂದು ಪಟ್ಟಿಯಾಗಿ ಮಾರ್ಪಡಿಸಿ, ದಾಖಲೆಯಲ್ಲಿರುವ ಮುಖದ ಪಟ್ಟಿಯ ಜೊತೆ ಹೋಲಿಸುತ್ತದೆ. ಎರಡು ಪಟ್ಟಿಗಳು ತದ್ರೂಪವಾಗಿರುವುದು ಎಂದಿಗೂ ಸಾಧ್ಯವಿಲ್ಲ. ಬೆಳಕು ಬೇರೆ, ವಯಸ್ಸು ಬೇರೆ, ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣು ಬೇರೆ. ಆದ್ದರಿಂದ ಯಂತ್ರ ಹೋಲಿಕೆಗೆ ಅಂಕ ಕೊಟ್ಟು, ಒಂದು ಗೆರೆಗಿಂತ ಮೇಲಿದ್ದರೆ ಬಾಗಿಲು ತೆರೆಯುತ್ತದೆ. ಆ ಗೆರೆ ಎಲ್ಲಿರಬೇಕು ಎಂಬುದೇ ಕಷ್ಟದ ಪ್ರಶ್ನೆ. ನಮ್ಮಲ್ಲಿ ತೊಗರಿ ಹಸನು ಮಾಡುವ ಜರಡಿಯಂತೆಯೇ ಇದು: ಕಣ್ಣು ಸಣ್ಣದಾದರೆ ಒಳ್ಳೆಯ ಕಾಳೂ ಮೇಲೆ ಉಳಿಯುತ್ತದೆ, ದೊಡ್ಡದಾದರೆ ಕಲ್ಲೂ ಇಳಿಯುತ್ತದೆ. ಯುರೋಪಿನ ಗಡಿ ಸಂಸ್ಥೆ ಫ್ರಾಂಟೆಕ್ಸ್ ತನ್ನ ಮಾರ್ಗಸೂಚಿಯಲ್ಲಿ, ಬೇರೊಬ್ಬರ ಮುಖವನ್ನು ಒಪ್ಪಿಕೊಳ್ಳುವ ತಪ್ಪು ಸಾವಿರಕ್ಕೆ ಒಂದರ ಮಟ್ಟದಲ್ಲಿರಬೇಕು, ಆಗ ನಿಜವಾದ ವ್ಯಕ್ತಿಯನ್ನೇ ತಿರಸ್ಕರಿಸುವ ತಪ್ಪು ನೂರಕ್ಕೆ ಐದನ್ನು ಮೀರಬಾರದು ಎಂದು ಬರೆದಿದೆ. ಅಂದರೆ ಯಾವ ತಪ್ಪೂ ಮಾಡದ ನೂರು ಮಂದಿಯಲ್ಲಿ ಐವರಿಗೆ ಕೆಂಪು ದೀಪ ಬಂದರೂ ಆ ಗೇಟು ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಅರ್ಥ. ಹೋಲಿಕೆ ಸಾಲದೆ ಹೊತ್ತಿದ ಕೆಂಪು ದೀಪ ಆರೋಪವಲ್ಲ. ‘ನನಗೆ ಖಾತ್ರಿಯಾಗಲಿಲ್ಲ, ಮನುಷ್ಯರಿಗೆ ತೋರಿಸಿ’ ಎನ್ನುವುದಷ್ಟೇ ಅದರ ಮಾತು.

ಭಾರತದ ಇ–ಗೇಟ್ ಮುಖದ ಜೊತೆ ಬೆರಳನ್ನೂ ನೋಡುತ್ತದೆ. ಶಹಾಬಾದಿನ ಸಂಕಟ ಶುರುವಾಗುವುದು ಇಲ್ಲಿಂದ. ನಮ್ಮದು ಫರಸಿಯ ನಾಡು. ಭೀಮಾ ಕೊಳ್ಳದ ಸುಣ್ಣಕಲ್ಲಿನ ಪದರಗಳನ್ನು ಖಣಿಯಲ್ಲಿ ಎಬ್ಬಿಸಿ, ಕೊರೆದು, ಪಾಲಿಶ್ ಮಾಡಿ ದೇಶದ ಎಷ್ಟೋ ಊರುಗಳ ಮನೆಗಳಿಗೆ ನೆಲ ಹಾಸಿಕೊಟ್ಟವರು ಇಲ್ಲಿಯ ಕಾರ್ಮಿಕರು. ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು. ಬೆರಳಿನ ಗೆರೆಗಳು ಎಷ್ಟು ಸೂಕ್ಷ್ಮವೆಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು ಎರಡು ಗೆರೆ. ಯಂತ್ರ ಹುಡುಕುವುದು ಆ ಗೆರೆಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು. ವರ್ಷಗಟ್ಟಲೆ ಕಲ್ಲು ಹಿಡಿದ ಬೆರಳಲ್ಲಿ ಆ ಏಣುಗಳು ಸವೆದಿರುತ್ತವೆ. ಹಸಿ ಸಿಮೆಂಟು ಪ್ರಬಲ ಕ್ಷಾರ. ಚರ್ಮವನ್ನು ಒಣಗಿಸಿ ಸೀಳಿಸುತ್ತದೆ. ರೇಷನ್ ಅಂಗಡಿಯ ಮುಂದೆ ‘ಥಂಬ್ ತಗೋವಲ್ದು’ ಎಂಬ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ದುಡಿದ ಕೈಗೆ ಯಂತ್ರದ ಮುಂದೆ ಗುರುತು ಸಿಗದೆ ಹೋಗುವುದು ನನಗೆ ಬಹಳ ನೋವಿನ ಸಂಗತಿ.

ಸಮಾಧಾನದ ವಿಷಯವೂ ಚರ್ಮದಲ್ಲೇ ಇದೆ. ಗೆರೆಗಳ ಮೂಲವಿನ್ಯಾಸ ಇರುವುದು ಮೇಲ್ಚರ್ಮದ ಕೆಳಪದರದಲ್ಲಿ, ತಾಯಿಯ ಗರ್ಭದಲ್ಲಿದ್ದಾಗಲೇ ಮೂಡಿದ್ದು. ಮೇಲಿನದು ಸವೆದರೂ ಕೆಲಸಕ್ಕೆ ಕೆಲವು ವಾರ ಬಿಡುವು ಸಿಕ್ಕರೆ ಹೊಸ ಚರ್ಮ ಅದೇ ಗೆರೆಗಳನ್ನು ಹೊತ್ತು ಮೇಲೆ ಬರುತ್ತದೆ. ಹಾಗಾಗಿ ನೋಂದಣಿಗೆ ಹೋಗುವವರು ಆದಷ್ಟು ಕೆಲಸದ ಬಿಡುವಿನ ನಂತರ ಹೋಗುವುದು ಮೇಲು. ಆ ದಿನಗಳಲ್ಲಿ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಯಂತ್ರದ ಮೇಲೆ ಬೆರಳಿಡುವ ಮುನ್ನ ಒರೆಸಿಕೊಂಡರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಅಧಿಕಾರಿ ಕೂತ ಹಳೆಯ ಕೌಂಟರ್ ಮುಂಚಿನಂತೆಯೇ ಇದೆ.

ಸಿಂಗಪುರ ಈ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಿಕೊಂಡಿದೆ. ಅಲ್ಲಿಯ ಸ್ವಯಂಚಾಲಿತ ಗೇಟುಗಳು 2020ರಿಂದೀಚೆಗೆ ಹೆಬ್ಬೆರಳಿನ ಬದಲು ಕಣ್ಣಿನ ಪಾಪೆಯ ಸುತ್ತಲಿನ ವಿನ್ಯಾಸ ಮತ್ತು ಮುಖವನ್ನು ಮುಖ್ಯ ಗುರುತಾಗಿ ಬಳಸುತ್ತಿವೆ. ವಯಸ್ಸಾಗಿಯೋ ಗಾಯದಿಂದಲೋ ಒಣಗಿಯೋ ಬೆರಳಚ್ಚು ಮೂಡದವರಿಗೆ ಅನುಕೂಲವಾಗಲಿ ಎಂಬುದೂ ಆ ಬದಲಾವಣೆಯ ಒಂದು ಕಾರಣ. ಕಣ್ಣಿನ ಆ ವಿನ್ಯಾಸವನ್ನು ಕಲ್ಲಾಗಲಿ ಸಿಮೆಂಟಾಗಲಿ ಸವೆಸುವುದಿಲ್ಲ. ಆಧಾರ್ ನೋಂದಣಿಯಲ್ಲಿ ಭಾರತ ಅದನ್ನು ಮೊದಲಿನಿಂದಲೂ ದಾಖಲಿಸುತ್ತಿದೆ, ತಂತ್ರವೂ ಅನುಭವವೂ ನಮ್ಮಲ್ಲೇ ಇವೆ. ಬೆರಳು ಒಪ್ಪದಿದ್ದಾಗ ಕಣ್ಣಿನಿಂದ ಬಾಗಿಲು ತೆರೆಯುವ ಅವಕಾಶವನ್ನು ಶಂಶಾಬಾದಿನ ಗೇಟುಗಳಿಗೂ ಕೊಡಬೇಕು. ಖಣಿಯಲ್ಲಿ ದುಡಿದವರ ಪರವಾಗಿ ಇದನ್ನು ಕೇಳುವ ಹಕ್ಕು ನಮ್ಮ ಭಾಗಕ್ಕೆ ಬೇರೆಲ್ಲರಿಗಿಂತ ಹೆಚ್ಚಿದೆ.